ಪ್ಯಾರಾ ಈಜುಗಾರರ ಕ್ರೀಡಾ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗವೈಕಲ್ಯವಿರುವ ಮಕ್ಕಳ ಹೆತ್ತವರು, ಶಾಲೆಯ ದೈಹಿಕ ಶಿಕ್ಷಕರು, ಹೊಸ ಕೋಚ್‌ಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ನಿಯಮಗಳು ಆಗಾಗ ಬದಲಾಗುತ್ತವೆ. ಸ್ಪರ್ಧೆಗೆ ಹೆಸರು ಕೊಡುವ ಮೊದಲು ಆ ವರ್ಷದ ನಿಯಮ ಪುಸ್ತಕವನ್ನು ಒಮ್ಮೆ ನೋಡಿಕೊಳ್ಳಿ.

ಭಾರತದಲ್ಲಿ ಈ ದಾರಿಯಲ್ಲಿ ನಡೆದು ಗೆದ್ದವರು ಯಾರಾದರೂ ಇದ್ದಾರೆಯೇ?

ಇದ್ದಾರೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ಬಂದದ್ದೇ ಈಜಿನಿಂದ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳೀಕಾಂತ್ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಗೆದ್ದರು. ಅವರಿಗೆ ಪದ್ಮಶ್ರೀ ಸಿಕ್ಕಿದ್ದು 2018ರಲ್ಲಿ, ನಲವತ್ತಾರು ವರ್ಷಗಳ ನಂತರ.

2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬಂಗಾಳದ ಪ್ರಶಾಂತ ಕರ್ಮಾಕರ್ 50 ಮೀಟರ್ ಫ್ರೀಸ್ಟೈಲ್ ಎಸ್‌9 ವರ್ಗದಲ್ಲಿ (ವರ್ಗಗಳ ಅರ್ಥ ಮುಂದೆ ಇದೆ) ಕಂಚು ಪಡೆದರು. ನಮ್ಮ ಬೆಂಗಳೂರಿನಿಂದ ಇಬ್ಬರ ಹೆಸರು ಹೇಳಲೇಬೇಕು: ಶರತ್ ಗಾಯಕ್ವಾಡ್ ಮತ್ತು ನಿರಂಜನ್ ಮುಕುಂದನ್. ಕೆಳಗಿನ ಹಲವು ಉತ್ತರಗಳಿಗೆ ಈ ಇಬ್ಬರೂ ಒಳ್ಳೆಯ ಉದಾಹರಣೆ. ಒಬ್ಬರದು ಕೈಯ ಸಮಸ್ಯೆ, ಇನ್ನೊಬ್ಬರದು ಬೆನ್ನುಹುರಿ ಮತ್ತು ಕಾಲಿನದು. ಹಾಗಾಗಿ ತರಬೇತಿಯೂ ಬೇರೆ, ವರ್ಗವೂ ಬೇರೆ.

ಶರತ್ ಗಾಯಕ್ವಾಡ್ ಅವರ ಕ್ರೀಡಾ ಬದುಕು ಯಾವ ಕ್ರಮದಲ್ಲಿ ಬೆಳೆಯಿತು?

ಹುಟ್ಟಿನಿಂದಲೇ ಅವರ ಎಡಗೈ ಪೂರ್ತಿ ಬೆಳೆದಿಲ್ಲ. ಈಜು ಶುರುವಾದದ್ದು ಶಾಲೆಯಲ್ಲಿ. ಮುಂದೆ ಕೋಚ್ ಜಾನ್ ಕ್ರಿಸ್ಟೋಫರ್ ಅವರ ಕೈಕೆಳಗೆ ಪಳಗಿದರು. 2010ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌. ಅರ್ಹತಾ ಸಮಯ ಮುಟ್ಟಿ ಪ್ಯಾರಾಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಈಜುಗಾರ ಎಂದು ಅವರನ್ನು ಗುರುತಿಸುತ್ತಾರೆ. 2014ರಲ್ಲಿ ಇಂಚಿಯಾನ್‌ನ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಒಂದು ಬೆಳ್ಳಿ, ಐದು ಕಂಚು, ಒಟ್ಟು ಆರು ಪದಕ. ಮರುವರ್ಷ ಅರ್ಜುನ ಪ್ರಶಸ್ತಿ.

ಆ ಆರು ಪದಕಗಳ ಸುದ್ದಿ ಬಂದಾಗ ಪತ್ರಿಕೆಗಳು 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ಗೆದ್ದ ಐದು ಪದಕಗಳ ಜೊತೆ ಹೋಲಿಸಿ ಬರೆದವು. ಎರಡೂ ಬೇರೆ ಬೇರೆ ಕೂಟಗಳು, ಹೋಲಿಕೆ ಪೂರ್ತಿ ಸರಿ ಅಲ್ಲ. ಗಮನಿಸಬೇಕಾದ ಸಂಗತಿ ಬೇರೆ ಇದೆ: ಆರು ಪದಕ ಅಂದರೆ ಕೆಲವೇ ದಿನಗಳಲ್ಲಿ ಹೀಟ್ಸ್ (ಆರಂಭಿಕ ಸುತ್ತುಗಳು), ಫೈನಲ್ ಸೇರಿ ಹಲವು ಸಲ ಪೂರ್ಣ ವೇಗದಲ್ಲಿ ಈಜಬೇಕು. ಒಂದೇ ಸ್ಟ್ರೋಕ್ ಕಲಿತವರಿಗೆ ಇದು ಸಾಧ್ಯವಿಲ್ಲ. ನಾಲ್ಕೂ ಸ್ಟ್ರೋಕ್ ಗಟ್ಟಿ ಇದ್ದವರಿಗೆ ಮೆಡ್ಲೆ (ಒಂದೇ ಸ್ಪರ್ಧೆಯಲ್ಲಿ ಎಲ್ಲ ಸ್ಟ್ರೋಕ್ ಈಜುವುದು), ರಿಲೇ ಎರಡರ ಬಾಗಿಲೂ ತೆರೆಯುತ್ತದೆ. ಮಗು ಫ್ರೀಸ್ಟೈಲ್‌ನಲ್ಲಿ ಚೆನ್ನಾಗಿದೆ ಎಂದು ಉಳಿದ ಮೂರನ್ನು ಬಿಟ್ಟುಬಿಡುವ ಕೋಚ್‌ಗಳಿಗೆ ಇದನ್ನು ತೋರಿಸಿ.

ಎಸ್, ಎಸ್‌ಬಿ, ಎಸ್‌ಎಂ ಅಂದರೇನು? ಒಬ್ಬರಿಗೇ ಮೂರು ಸಂಖ್ಯೆ ಏಕೆ?

ಎಸ್ ಎಂಬುದು ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಗೆ. ಎಸ್‌ಬಿ ಬ್ರೆಸ್ಟ್‌ಸ್ಟ್ರೋಕ್‌ಗೆ. ಎಸ್‌ಎಂ ವೈಯಕ್ತಿಕ ಮೆಡ್ಲೆಗೆ. 1ರಿಂದ 10ರವರೆಗೆ ದೈಹಿಕ ವೈಕಲ್ಯ. ಸಂಖ್ಯೆ ಕಡಿಮೆಯಾದಷ್ಟೂ ನೀರಿನಲ್ಲಿ ಅಡಚಣೆ ಹೆಚ್ಚು. 11ರಿಂದ 13 ದೃಷ್ಟಿದೋಷ. 14 ಬೌದ್ಧಿಕ ವೈಕಲ್ಯ.

ಬ್ರೆಸ್ಟ್‌ಸ್ಟ್ರೋಕನ್ನು ಬೇರೆ ಇಡಲು ಕಾರಣ ಕಾಲು. ಮುಂದೆ ತಳ್ಳುವ ಬಲದ ದೊಡ್ಡ ಪಾಲು ಅಲ್ಲಿ ಕಾಲಿನಿಂದ ಬರುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಅಂಕ ಪದ್ಧತಿಯಲ್ಲಿ ಇದು ನೇರವಾಗಿ ಕಾಣುತ್ತದೆ. ಎಸ್ ವರ್ಗಕ್ಕೆ ಒಟ್ಟು 300 ಅಂಕ: ಕೈಗಳಿಗೆ 130, ಕಾಲುಗಳಿಗೆ 100, ಮುಂಡಕ್ಕೆ 50, ಸ್ಟಾರ್ಟ್‌ಗೆ 10, ಟರ್ನ್‌ಗೆ 10. ಬ್ರೆಸ್ಟ್‌ಸ್ಟ್ರೋಕ್‌ಗೆ ಒಟ್ಟು 290: ಕೈಗಳಿಗೆ 110, ಕಾಲುಗಳಿಗೆ 120, ಮುಂಡಕ್ಕೆ 40, ಸ್ಟಾರ್ಟ್ ಮತ್ತು ಟರ್ನ್‌ಗೆ ತಲಾ 10. ಎಸ್ ಲೆಕ್ಕದಲ್ಲಿ 266ರಿಂದ 285 ಬಂದರೆ ಎಸ್‌10, 241ರಿಂದ 265 ಬಂದರೆ ಎಸ್‌9, 216ರಿಂದ 240 ಬಂದರೆ ಎಸ್‌8, 191ರಿಂದ 215 ಬಂದರೆ ಎಸ್‌7. ಹೀಗೆಯೇ ಕೆಳಗಿಳಿಯುತ್ತದೆ. 285 ದಾಟಿದರೆ ಪ್ಯಾರಾ ಈಜಿಗೆ ಅರ್ಹತೆ ಇಲ್ಲ. ದೈಹಿಕ ವೈಕಲ್ಯದವರಿಗೆ ಎಸ್‌ಬಿ10 ಎಂಬ ವರ್ಗವೇ ಇಲ್ಲ, 9ಕ್ಕೆ ನಿಲ್ಲುತ್ತದೆ.

ಎಸ್‌ಎಂ ಲೆಕ್ಕ ಸುಲಭ. ಎಸ್ ಸಂಖ್ಯೆಯನ್ನು ಮೂರರಿಂದ ಗುಣಿಸಿ, ಎಸ್‌ಬಿ ಸಂಖ್ಯೆ ಸೇರಿಸಿ, ನಾಲ್ಕರಿಂದ ಭಾಗಿಸಿ. ದಕ್ಷಿಣ ಆಫ್ರಿಕಾದ ನಟಾಲಿ ಡು ಟಾಯ್ಟ್ ಅವರನ್ನು ತೆಗೆದುಕೊಳ್ಳಿ. 2001ರಲ್ಲಿ ಸ್ಕೂಟರ್ ಅಪಘಾತದಲ್ಲಿ ಎಡಗಾಲು ಕಳೆದುಕೊಂಡವರು, ಎಸ್‌9, ಎಸ್‌ಬಿ8. 27ಕ್ಕೆ 8 ಸೇರಿಸಿ ನಾಲ್ಕರಿಂದ ಭಾಗಿಸಿದರೆ 8.75, ಅಂದರೆ ಎಸ್‌ಎಂ9. ಎಸ್‌4 ಮತ್ತು ಅದಕ್ಕಿಂತ ಕೆಳಗಿನವರ ಮೆಡ್ಲೆಯಲ್ಲಿ ಬಟರ್‌ಫ್ಲೈ ಇಲ್ಲ, ದೂರ 150 ಮೀಟರ್ ಮಾತ್ರ. ಹಾಗಾಗಿ ಅವರಿಗೆ ಎಸ್ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಎಸ್‌ಬಿ ಸೇರಿಸಿ, ಮೂರರಿಂದ ಭಾಗಿಸುತ್ತಾರೆ.

ನಮ್ಮ ಬಳಿ 60 ಶೇಕಡಾ ವೈಕಲ್ಯದ ಸರ್ಕಾರಿ ಪ್ರಮಾಣಪತ್ರ ಇದೆ. ಯಾವ ವರ್ಗ ಸಿಗುತ್ತದೆ?

ಆ ಶೇಕಡಾಕ್ಕೂ ಈಜಿನ ವರ್ಗಕ್ಕೂ ಸಂಬಂಧವಿಲ್ಲ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ಗುರುತಿನ ಚೀಟಿ) ಮತ್ತು ಪ್ರಮಾಣಪತ್ರ ನೋಂದಣಿಗೆ, ಸರ್ಕಾರಿ ಸವಲತ್ತಿಗೆ, ಮೀಸಲಾತಿಗೆ ಬೇಕು. ವರ್ಗ ನಿರ್ಧಾರ ಮಾಡುವವರು ಕ್ಲಾಸಿಫಯರ್‌ಗಳು. ನೀರಿನಲ್ಲಿ ಏನು ಮಾಡಬಲ್ಲಿರಿ ಎಂಬುದೇ ಅವರ ಅಳತೆ. ಪ್ರಮಾಣಪತ್ರದಲ್ಲಿ 75 ಶೇಕಡಾ ಇರುವವರು ಎಸ್‌9 ಆಗಬಹುದು, 50 ಶೇಕಡಾ ಇರುವವರು ಎಸ್‌6 ಆಗಬಹುದು.

ಕ್ಲಾಸಿಫಿಕೇಶನ್ ದಿನ ಏನೇನು ನಡೆಯುತ್ತದೆ?

ಮೂರು ಹಂತ. ಮೊದಲು ಮೇಜಿನ ಮೇಲೆ ಮಲಗಿಸಿ, ಕೂರಿಸಿ ಪರೀಕ್ಷೆ: ಸ್ನಾಯುವಿನ ಬಲಕ್ಕೆ 0ರಿಂದ 5ರ ಅಂಕ, ಕೀಲುಗಳು ಎಷ್ಟು ಮಡಚುತ್ತವೆ, ಕೈಕಾಲಿನ ಉದ್ದ, ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಸ್ನಾಯುಗಳ ಹತೋಟಿ ತಪ್ಪುವ ಸ್ಥಿತಿ) ಇದ್ದರೆ ಸ್ನಾಯುವಿನ ಬಿಗಿತ ಮತ್ತು ಹೊಂದಾಣಿಕೆ. ನಂತರ ನೀರಿನಲ್ಲಿ ಪರೀಕ್ಷೆ: ನಾಲ್ಕೂ ಸ್ಟ್ರೋಕ್, ಸ್ಟಾರ್ಟ್, ಟರ್ನ್, ತೇಲುವ ರೀತಿ. ಕೊನೆಗೆ ಸ್ಪರ್ಧೆಯಲ್ಲಿ ಈಜುವುದನ್ನು ನೋಡುತ್ತಾರೆ. ಪರೀಕ್ಷೆಯಲ್ಲಿ ಬಾರದ ಕಿಕ್ ಫೈನಲ್‌ನಲ್ಲಿ ಬಂದರೆ ಅವರಿಗೆ ಗೊತ್ತಾಗುತ್ತದೆ. ಬೇಕೆಂದೇ ಕಡಿಮೆ ಮಾಡಿ ತೋರಿಸಿದರೆ ವರ್ಷಗಟ್ಟಲೆ ನಿಷೇಧ ಬೀಳುತ್ತದೆ. ಹೇಳಿಕೊಟ್ಟ ಕೋಚ್ ಕೂಡ ಸಿಕ್ಕಿಬೀಳಬಹುದು.

ತಪ್ಪದೇ ಒಯ್ಯಬೇಕಾದವು: ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿ, ವೈದ್ಯರು ತುಂಬಿ ಸಹಿ ಮಾಡಿದ ರೋಗನಿದಾನ ನಮೂನೆ, ಅದಕ್ಕೆ ಆಧಾರವಾದ ಎಂಆರ್‌ಐ, ಎಕ್ಸ್‌ರೇ ಅಥವಾ ನರ ಪರೀಕ್ಷೆಯ ವರದಿ, ತೆಗೆದುಕೊಳ್ಳುವ ಔಷಧಗಳ ಪಟ್ಟಿ, ಈಜುಡುಪು, ಕ್ಯಾಪ್, ಗಾಗಲ್ಸ್. ಅಂತರರಾಷ್ಟ್ರೀಯ ಕ್ಲಾಸಿಫಿಕೇಶನ್‌ಗೆ ವೈದ್ಯಕೀಯ ಕಾಗದಗಳು ಇಂಗ್ಲಿಷ್‌ನಲ್ಲಿರಬೇಕು, ಕೂಟಕ್ಕೆ ವಾರಗಳ ಮೊದಲೇ ತಲುಪಿರಬೇಕು. ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ವರದಿಯಲ್ಲಿ "ಕಾಲಿನ ದೌರ್ಬಲ್ಯ" ಎಂದಷ್ಟೇ ಬರೆದಿದ್ದರೆ ಸಾಲದು. ಆ ದೌರ್ಬಲ್ಯಕ್ಕೆ ಕಾರಣವಾದ ಕಾಯಿಲೆಯ ಹೆಸರು ಬೇಕು. ಕೀಲುನೋವು, ಸುಸ್ತು ಇಂಥವಕ್ಕೆ ಅರ್ಹತೆ ಇಲ್ಲ.

ದೃಷ್ಟಿದೋಷಕ್ಕೆ ಅಳತೆ ಖಚಿತವಾಗಿದೆ. ಕನ್ನಡಕ ಹಾಕಿದ ಮೇಲೆ, ಹೆಚ್ಚು ಚೆನ್ನಾಗಿ ಕಾಣುವ ಕಣ್ಣಿನ ಲೆಕ್ಕ. ಲಾಗ್‌ಮಾರ್ (ದೃಷ್ಟಿಯ ತೀಕ್ಷ್ಣತೆಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ದೃಷ್ಟಿ ಕಡಿಮೆ) 2.60ಕ್ಕಿಂತಲೂ ಕೆಟ್ಟ ದೃಷ್ಟಿ ಎಸ್‌11. 1.50ರಿಂದ 2.60, ಅಥವಾ ದೃಷ್ಟಿಕ್ಷೇತ್ರದ ತ್ರಿಜ್ಯ 5 ಡಿಗ್ರಿಗಿಂತ ಕಡಿಮೆ ಇದ್ದರೆ ಎಸ್‌12. 1.0ರಿಂದ 1.40, ಅಥವಾ ತ್ರಿಜ್ಯ 20 ಡಿಗ್ರಿಗಿಂತ ಕಡಿಮೆ ಇದ್ದರೆ ಎಸ್‌13. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿರುವವರಿಗೆ ಪ್ಯಾರಾ ಈಜಿನಲ್ಲಿ ಜಾಗವಿಲ್ಲ. ಎಷ್ಟೋ ಮನೆಗಳಿಗೆ ಇದು ನಿರಾಸೆ ತರುವ ಸುದ್ದಿ, ಆದರೆ ಮೊದಲೇ ತಿಳಿದಿರುವುದು ಮೇಲು.

ವರ್ಗ ಒಮ್ಮೆ ಸಿಕ್ಕಿತೆಂದರೆ ಮುಗಿಯಿತೇ?

ಇಲ್ಲ. ಹೊಸಬರಿಗೆ "ನ್ಯೂ", ಮತ್ತೆ ನೋಡಬೇಕಾದವರಿಗೆ "ರಿವ್ಯೂ", ನಿಗದಿತ ವರ್ಷದಲ್ಲಿ ನೋಡಬೇಕಾದವರಿಗೆ "ಫಿಕ್ಸ್ಡ್ ಡೇಟ್ ರಿವ್ಯೂ", ಖಾಯಂ ಆದವರಿಗೆ "ಕನ್ಫರ್ಮ್ಡ್" ಎಂಬ ಸ್ಥಿತಿ ಇರುತ್ತದೆ. ಬೆಳೆಯುವ ಮಕ್ಕಳು, ಹೆಚ್ಚುತ್ತಾ ಹೋಗುವ ಕಾಯಿಲೆ ಇರುವವರು ಹಲವು ಸಲ ಹೋಗಬೇಕು. ರಾಷ್ಟ್ರೀಯ ಮಟ್ಟದಲ್ಲಿ ಸಿಕ್ಕ ವರ್ಗ ಹೊರದೇಶದಲ್ಲಿ ಬದಲಾಗುವುದು ಸಾಮಾನ್ಯ. ಎಸ್‌7ರಲ್ಲಿ ಪದಕದ ಹುಡುಗ ಎಸ್‌8ಕ್ಕೆ ಏರಿದರೆ ಅದೇ ಸಮಯದಲ್ಲಿ ಈಜಿ ಫೈನಲ್‌ಗೂ ಬಾರದೇ ಹೋಗಬಹುದು. ಆಕ್ಷೇಪಣೆ ಸಲ್ಲಿಸುವುದು ದೇಶದ ಸಂಸ್ಥೆಯ ಮೂಲಕವೇ, ಶುಲ್ಕ ಕಟ್ಟಿ.

ನಮ್ಮ ಸಲಹೆ ಇಷ್ಟೇ: ಅಂತರರಾಷ್ಟ್ರೀಯ ಕ್ಲಾಸಿಫಿಕೇಶನ್ ಸಾಧ್ಯವಾದಷ್ಟು ಬೇಗ ಮಾಡಿಸಿ. ವರ್ಗ ಖಚಿತವಾಗದೆ ನಾಲ್ಕು ವರ್ಷದ ಯೋಜನೆ ಹಾಕಿದರೆ ತಳಪಾಯವಿಲ್ಲದೆ ಗೋಡೆ ಎಬ್ಬಿಸಿದಂತೆ.

ಯಾವ ವಯಸ್ಸಿಗೆ ಶುರು ಮಾಡಬೇಕು? ಮೊದಲ ಆರು ತಿಂಗಳು ಏನು ಮಾಡಿಸಬೇಕು?

ವೈದ್ಯರು ಒಪ್ಪಿದರೆ ಆರೇಳು ವರ್ಷಕ್ಕೆ ಶುರು ಮಾಡಬಹುದು. ತಡವಾದರೂ ಬಾಗಿಲು ಮುಚ್ಚಿಲ್ಲ. ಪೇಟ್ಕರ್ ಗೆದ್ದದ್ದು ಯುದ್ಧದ ಗಾಯವಾದ ಏಳು ವರ್ಷದ ನಂತರ. ನಿರಂಜನ್ ಮುಕುಂದನ್ ಅವರಿಗೆ ಹುಟ್ಟಿನಿಂದ ಸ್ಪೈನಾ ಬೈಫಿಡಾ (ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ದೋಷ), ಜೊತೆಗೆ ಪಾದಗಳು ತಿರುಚಿದ್ದವು. ವೈದ್ಯರು ಈಜು ಸೂಚಿಸಿದ್ದು ಚಿಕಿತ್ಸೆಗಾಗಿ. ಮುಂದೆ ಅವರು ಎಸ್‌7ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಬಟರ್‌ಫ್ಲೈ ಫೈನಲ್‌ವರೆಗೂ ಹೋದರು.

ಮೊದಲ ಆರು ತಿಂಗಳು ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷದಿಂದ ಒಂದು ಗಂಟೆ ಸಾಕು. ಮೊದಲು ಉಸಿರು: ನೀರೊಳಗೆ ಮೂಗು-ಬಾಯಿಂದ ಬಿಡುವುದು, ಮೇಲೆ ಬಾಯಿಂದ ಎಳೆದುಕೊಳ್ಳುವುದು. ಆಮೇಲೆ ತೇಲುವುದು, ಮಗುಚಿಕೊಂಡು ಬೆನ್ನ ಮೇಲೆ ಬರುವುದು. ಈ ಮಗುಚುವಿಕೆಯೇ ಪ್ರಾಣ ಉಳಿಸುವ ಕೌಶಲ. ಇದು ಬಾರದ ಮಗುವನ್ನು ಆಳದ ಕಡೆ ಬಿಡಲೇಬಾರದು. ಅದರ ನಂತರ ಬ್ಯಾಕ್‌ಸ್ಟ್ರೋಕ್ ಅಥವಾ ಫ್ರೀಸ್ಟೈಲ್, ಯಾವುದು ಆ ದೇಹಕ್ಕೆ ಸುಲಭವೋ ಅದು. ಕೃತಕ ಕಾಲು, ಕ್ಯಾಲಿಪರ್ ಇಲ್ಲದೆಯೇ ಅಭ್ಯಾಸ ಮಾಡಿಸಿ. ಸ್ಪರ್ಧೆಯಲ್ಲಿ ಅವನ್ನು ಹಾಕಿಕೊಂಡು ನೀರಿಗೆ ಇಳಿಯುವಂತಿಲ್ಲ.

ಮುಂದಿನ ವರ್ಷಗಳಲ್ಲಿ ಎಷ್ಟು ದೂರ ಈಜಬೇಕು?

ವರ್ಗ ನೋಡಿಕೊಂಡು. ಎರಡನೇ ವರ್ಷದ ಹೊತ್ತಿಗೆ ಎಸ್‌8ರಿಂದ ಎಸ್‌10ರ ಹುಡುಗರು ವಾರಕ್ಕೆ ಐದಾರು ಸಲ, ಪ್ರತಿ ಸಲ 2ರಿಂದ 3 ಕಿಲೋಮೀಟರ್ ಈಜುವಂತಿರಬೇಕು. ಅಂತರರಾಷ್ಟ್ರೀಯ ಮಟ್ಟದಲ್ಲಿ ಇದು ವಾರಕ್ಕೆ ಎಂಟರಿಂದ ಹತ್ತು ಸಲ, ಸಲಕ್ಕೆ 4ರಿಂದ 6 ಕಿಲೋಮೀಟರ್‌ಗೆ ಏರುತ್ತದೆ. ಎಸ್‌3, ಎಸ್‌4ರವರಿಗೆ ಸಲಕ್ಕೆ 1ರಿಂದ 2 ಕಿಲೋಮೀಟರ್ ಆದರೂ ಅದು ಭಾರೀ ಕೆಲಸವೇ. ಎಸ್‌10ರವರಿಗೆ 35 ಸೆಕೆಂಡು ಹಿಡಿಯುವ 50 ಮೀಟರ್ ಅವರಿಗೆ ಒಂದು ನಿಮಿಷ ದಾಟಬಹುದು. ಆದ್ದರಿಂದ ಕೆಳ ವರ್ಗದವರಿಗೆ ದೂರದ ಬದಲು ನಿಮಿಷದ ಲೆಕ್ಕದಲ್ಲಿ ತಾಲೀಮು ಬರೆದುಕೊಡುವುದು ಸರಿ.

ಎರಡನೇ ವರ್ಷದ ಎಸ್‌8 ಈಜುಗಾರನ ಒಂದು ಸಾಧಾರಣ ದಿನ ಹೀಗಿರಬಹುದು: 400 ಮೀಟರ್ ಹಗುರ ವಾರ್ಮಪ್, ಸ್ಟ್ರೋಕ್ ತಿದ್ದಲು 50 ಮೀಟರ್ 8 ಸಲ, ಕಿಕ್ 50 ಮೀಟರ್ 6 ಸಲ, ಮುಖ್ಯ ಭಾಗದಲ್ಲಿ 100 ಮೀಟರ್ 8 ಸಲ, ನಡುವೆ 20 ಸೆಕೆಂಡ್ ವಿರಾಮ, ಪೂರ್ಣ ವೇಗದಲ್ಲಿ 25 ಮೀಟರ್ 4 ಸಲ, ಪ್ರತಿಯೊಂದರ ನಂತರ ಪೂರ್ತಿ ಸುಧಾರಿಸಿಕೊಂಡು, ಕೊನೆಗೆ 200 ಮೀಟರ್ ಹಗುರ. ಒಟ್ಟು 2,200. ವಾರಕ್ಕೊಮ್ಮೆ 50 ಮೀಟರ್‌ನ ಸಮಯ ಮತ್ತು ಕೈ ಬೀಸಿದ ಸಂಖ್ಯೆ ಎರಡನ್ನೂ ಬರೆದಿಡಿ. ಸಮಯ ಇಳಿದು ಸಂಖ್ಯೆ ಏರಿದ್ದರೆ ಅವಸರ ಹೆಚ್ಚಾಗಿದೆ, ನೀರು ಹಿಡಿಯುವುದು ಕೆಟ್ಟಿದೆ ಎಂದರ್ಥ.

ಒಂದು ಕೈ ಗಿಡ್ಡ ಇರುವವರು ಓರೆಯಾಗಿ ಹೋಗುತ್ತಾರೆ. ಏನು ಮಾಡುವುದು?

ಹೊಸ ಕೋಚ್‌ಗಳು ಇಲ್ಲಿ ಮಾಡುವ ತಪ್ಪು ಎಂದರೆ ಉದ್ದದ ಕೈಗೆ ಪ್ಯಾಡಲ್ (ಅಂಗೈಗೆ ಕಟ್ಟುವ ಚಪ್ಪಟೆ ಹಲಗೆ) ಹಾಕಿ ಬಲ ಹೆಚ್ಚಿಸುವುದು. ಓರೆ ಇನ್ನೂ ಹೆಚ್ಚುತ್ತದೆ, ಆ ಭುಜ ಎರಡೇ ವರ್ಷದಲ್ಲಿ ನೋವು ಶುರು ಮಾಡುತ್ತದೆ. ನೇರ ಹೋಗಿಸುವುದು ತಲೆ, ಮುಂಡ ಮತ್ತು ಕಿಕ್. ಮುಖದ ಮುಂದೆ ಕೂರುವ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿಸಿ, ಉಸಿರಿಗಾಗಿ ತಲೆ ತಿರುಗಿಸುವುದನ್ನು ಕೆಲವು ವಾರ ತೆಗೆದುಹಾಕಿ, ಕೊಳದ ತಳದ ಕಪ್ಪು ಗೆರೆಯ ಮೇಲೆಯೇ ಈಜಿಸಿ. ಕೈಯ ಒಂದು ಸುತ್ತಿಗೆ ಆರು ಕಿಕ್ ಕಲಿಸಿ. ಗಿಡ್ಡ ಕೈ ನೀರಿನಲ್ಲಿರುವಾಗ ಬೀಳುವ ಕಿಕ್ ಆ ಖಾಲಿ ಜಾಗವನ್ನು ತುಂಬುತ್ತದೆ. ಗಿಡ್ಡ ಕೈಯನ್ನು ಪಕ್ಕದಲ್ಲಿ ಸುಮ್ಮನೆ ಇಟ್ಟುಕೊಳ್ಳುವ ಅಭ್ಯಾಸ ಮಾಡಿಸಬೇಡಿ. ಅದೂ ಪೂರ್ತಿ ತಿರುಗಬೇಕು. ಭುಜ ಹೊರಳುವುದು ಅದರಿಂದಲೇ. ಉಸಿರು ಯಾವ ಕಡೆ ಎಂಬುದನ್ನು ಎರಡೂ ಕಡೆ ಪ್ರಯತ್ನಿಸಿ, ಗಡಿಯಾರ ನೋಡಿ ತೀರ್ಮಾನಿಸಿ. ನೆಲದ ಮೇಲಿನ ಕಸರತ್ತಿನಲ್ಲಿ ಭುಜದ ಹಿಂಬದಿಯ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್ ಎಳೆತ ವಾರಕ್ಕೆ ಮೂರು ದಿನ ಇರಲಿ.

ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈನ ಟರ್ನ್, ಫಿನಿಶ್‌ನಲ್ಲಿ ಇವರಿಗೆ ನಿಯಮವೇ ಬೇರೆ. ಕೈಗಳ ಉದ್ದ ಅಸಮವಾಗಿದ್ದರೆ ಉದ್ದದ ಕೈ ಗೋಡೆ ಮುಟ್ಟಿದರೆ ಸಾಕು, ಆದರೆ ಎರಡೂ ಕೈ ಒಟ್ಟಿಗೇ ಮುಂದಕ್ಕೆ ಚಾಚಿರಬೇಕು. ಗಿಡ್ಡ ಕೈಯನ್ನು ಹಿಂದೆ ಬಿಟ್ಟು ಮುಟ್ಟಿದರೆ ಅನರ್ಹ.

ಎರಡೂ ಕೈ ಇಲ್ಲದವರು ಗೋಡೆ ಹೇಗೆ ಮುಟ್ಟುತ್ತಾರೆ? ಬ್ಯಾಕ್‌ಸ್ಟ್ರೋಕ್ ಸ್ಟಾರ್ಟ್ ಹೇಗೆ?

ದೇಹದ ಮೇಲ್ಭಾಗದ ಯಾವುದಾದರೂ ಅಂಗದಿಂದ, ಹೆಚ್ಚಾಗಿ ತಲೆಯಿಂದ. ಟೋಕಿಯೊದಲ್ಲಿ ನಾಲ್ಕು ಚಿನ್ನ ಗೆದ್ದ ಚೀನಾದ ಝೆಂಗ್ ತಾವೊ ಹೀಗೆಯೇ ಮುಗಿಸಿದರು. ಬ್ಯಾಕ್‌ಸ್ಟ್ರೋಕ್ ಸ್ಟಾರ್ಟ್‌ಗೆ ಸಹಾಯಕರು ಮೇಲಿನಿಂದ ಟವೆಲ್ ಅಥವಾ ಪಟ್ಟಿ ಹಿಡಿದಿರುತ್ತಾರೆ, ಈಜುಗಾರ ಅದನ್ನು ಹಲ್ಲಿನಲ್ಲಿ ಕಚ್ಚಿ ಕಾಲು ಗೋಡೆಗೆ ಒತ್ತಿ ನಿಲ್ಲುತ್ತಾನೆ. ತಲೆಯಿಂದ ಮುಟ್ಟುವ ಅಭ್ಯಾಸಕ್ಕೆ ಗೋಡೆಗೆ ಮೆತ್ತನೆಯ ಹಲಗೆ ಕಟ್ಟಿ. ಪೂರ್ತಿ ವೇಗದ ಮುಟ್ಟುವಿಕೆ ಸ್ಪರ್ಧೆಗೆ ಹತ್ತಿರದ ವಾರಗಳಲ್ಲಿ ಮಾತ್ರ, ಅದೂ ಕೆಲವೇ ಸಲ.

ಕಾಣದವರಿಗೆ ಗೋಡೆ ಬಂತೆಂದು ತಿಳಿಸುವವರು ಯಾರು?

ಟ್ಯಾಪರ್. ತುದಿಗೆ ಮೆತ್ತನೆಯ ಸ್ಪಂಜು ಅಥವಾ ಚೆಂಡು ಕಟ್ಟಿದ ಉದ್ದನೆಯ ಕೋಲಿನಿಂದ ತಲೆ ಅಥವಾ ಬೆನ್ನಿಗೆ ತಟ್ಟುತ್ತಾರೆ. ಎಸ್‌11ರಲ್ಲಿ ಟ್ಯಾಪರ್ ಕಡ್ಡಾಯ, ಪೂರ್ತಿ ಕಪ್ಪು ಬಳಿದ ಗಾಗಲ್ಸ್ ಕೂಡ ಕಡ್ಡಾಯ. ಎಸ್‌12, ಎಸ್‌13ರವರಿಗೆ ಟ್ಯಾಪರ್ ಅವರ ಇಷ್ಟ. 50 ಮೀಟರ್ ಕೊಳದಲ್ಲಿ 50 ಮೀಟರ್ ಸ್ಪರ್ಧೆಗೆ ಮುಗಿಯುವ ತುದಿಯಲ್ಲಿ ಒಬ್ಬರು ಸಾಕು. 100ರಿಂದ ಮೇಲೆ ಎರಡೂ ತುದಿಗೆ ಬೇಕು. ಬಾಯಿಮಾತಿನಲ್ಲಿ ಏನನ್ನೂ ಹೇಳಿಕೊಡುವಂತಿಲ್ಲ.

ತಟ್ಟುವ ಕ್ಷಣ ಸ್ಟ್ರೋಕ್‌ಗೆ ತಕ್ಕಂತೆ ಬದಲಾಗುತ್ತದೆ. ಫ್ರೀಸ್ಟೈಲ್ ಟರ್ನ್‌ಗೆ ಬೇಗ, ಬ್ರೆಸ್ಟ್‌ಸ್ಟ್ರೋಕ್ ಫಿನಿಶ್‌ಗೆ ಕೈ ಚಾಚುವ ಹೊತ್ತಿಗೆ. ಒಂದು ಸ್ಟ್ರೋಕ್ ಮುಂಚೆ ತಟ್ಟಿದರೆ ಜಾರುತ್ತಾ ಅರ್ಧ ಸೆಕೆಂಡ್ ಕಳೆಯುತ್ತದೆ, ತಡವಾದರೆ ಬೆರಳು ಮುರಿಯುತ್ತದೆ. ಆದ್ದರಿಂದ ಯಾರೋ ಸಿಕ್ಕವರನ್ನು ಸ್ಪರ್ಧೆಯ ದಿನ ನಿಲ್ಲಿಸಬೇಡಿ. ದಿನನಿತ್ಯ ಜೊತೆಗಿರುವವರೇ ಇರಬೇಕು. ಅಮೆರಿಕದ ಟ್ರಿಷಾ ಝಾರ್ನ್ 1980ರಿಂದ 2004ರವರೆಗೆ ದೃಷ್ಟಿದೋಷದ ವಿಭಾಗದಲ್ಲಿ ಈಜಿ 55 ಪ್ಯಾರಾಲಿಂಪಿಕ್ ಪದಕ ಗೆದ್ದಿದ್ದಾರೆ. ಆ ಲೆಕ್ಕವನ್ನು ಯಾವ ಕ್ರೀಡೆಯ ಯಾರೂ ಮುಟ್ಟಿಲ್ಲ.

ಸ್ಪರ್ಧೆಯಲ್ಲಿ ಅನರ್ಹರಾಗುವುದು ಹೆಚ್ಚಾಗಿ ಯಾವುದಕ್ಕೆ?

ಸ್ಟಾರ್ಟ್‌ಗೆ ಮೊದಲು ಅಲುಗಾಡುವುದು, ನೀರೊಳಗೆ 15 ಮೀಟರ್ ದಾಟುವುದು, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡನೇ ಬಟರ್‌ಫ್ಲೈ ಕಿಕ್. ಸ್ಟಾರ್ಟ್ ಮತ್ತು ಪ್ರತಿ ಟರ್ನ್‌ನ ನಂತರ ಒಂದೇ ಒಂದು ಬಟರ್‌ಫ್ಲೈ ಕಿಕ್‌ಗೆ ಅವಕಾಶ. ಟೋಕಿಯೊದಲ್ಲಿ ಮಹಾರಾಷ್ಟ್ರದ ಸುಯಶ್ ಜಾಧವ್ ಅವರಂಥ ಅನುಭವಿಗೂ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಹೋದದ್ದು ಇದರಿಂದಲೇ.

ಇನ್ನೊಂದು ಕಾರಣ ವಿನಾಯಿತಿ ಸಂಕೇತಗಳನ್ನು ಓದದಿರುವುದು. ವರ್ಗದ ಜೊತೆ ಒಂದು ಅಕ್ಷರ ಅಥವಾ ಅಂಕಿ ಕೊಟ್ಟಿರುತ್ತಾರೆ: ಟಿ ಎಂದರೆ ಟ್ಯಾಪರ್, ಬಿ ಎಂದರೆ ಕಪ್ಪು ಗಾಗಲ್ಸ್, ಎ ಎಂದರೆ ಸಹಾಯಕ ಬೇಕು, ವೈ ಎಂದರೆ ಸ್ಟಾರ್ಟ್‌ಗೆ ಸಾಧನ, ಎಚ್ ಎಂದರೆ ಕಿವಿ ಕೇಳದವರಿಗೆ ಬೆಳಕಿನ ಸಂಜ್ಞೆ. ನಿಮ್ಮ ಹೆಸರಿನ ಮುಂದೆ ಇಲ್ಲದ ವಿನಾಯಿತಿಯನ್ನು ಬಳಸಿದರೆ ತೀರ್ಪುಗಾರರು ಅನರ್ಹಗೊಳಿಸುತ್ತಾರೆ. ಸಹಾಯಕರು ಪಾದವನ್ನು ಗೋಡೆಗೆ ಹಿಡಿಯಬಹುದು, ತಳ್ಳುವಂತಿಲ್ಲ. ಅಭ್ಯಾಸದಲ್ಲಿ ಸಣ್ಣಗೆ ತಳ್ಳಿ ರೂಢಿಯಾದವರು ಕೂಟದಲ್ಲೂ ತಳ್ಳಿಬಿಡುತ್ತಾರೆ.

ಎರಡನೆಯವನಾಗಿ ಮುಟ್ಟಿದವನಿಗೆ ಚಿನ್ನ ಸಿಕ್ಕಿತು. ತಪ್ಪಾಗಿದೆಯೇ?

ತಪ್ಪಲ್ಲ. ವಿಶ್ವ ಸರಣಿಯಂಥ ಕೂಟಗಳಲ್ಲಿ ಬೇರೆ ಬೇರೆ ವರ್ಗದವರು ಒಟ್ಟಿಗೆ ಈಜುತ್ತಾರೆ. ಆಯಾ ವರ್ಗದ ಉತ್ತಮ ಸಮಯಗಳಿಗೆ ಹೋಲಿಸಿ ಅಂಕ ಕೊಡುತ್ತಾರೆ, ಅಂಕ ಹೆಚ್ಚಿದ್ದವರು ಗೆಲ್ಲುತ್ತಾರೆ. ರಿಲೇಯಲ್ಲಿ ಇನ್ನೊಂದು ಲೆಕ್ಕ: 34 ಅಂಕದ ರಿಲೇಯಲ್ಲಿ ನಾಲ್ವರ ವರ್ಗ ಸಂಖ್ಯೆ ಸೇರಿ 34 ದಾಟಬಾರದು. ಇಬ್ಬರು ಎಸ್‌10 ಇದ್ದರೆ ಉಳಿದ ಇಬ್ಬರು ಎಸ್‌7.

ಚಳಿಗಾಲದಲ್ಲಿ ಬೆಂಗಳೂರಿನ ತೆರೆದ ಕೊಳದಲ್ಲಿ ಅಭ್ಯಾಸ ಮಾಡಬಹುದೇ?

ಕೈ ಅಥವಾ ಕಾಲು ಇಲ್ಲದವರು, ದೃಷ್ಟಿದೋಷದವರು ಮಾಡಬಹುದು. ಸೆರೆಬ್ರಲ್ ಪಾಲ್ಸಿ ಇರುವವರಿಗೆ ತಣ್ಣೀರಿನಲ್ಲಿ ಸ್ನಾಯು ಬಿಗಿಯುತ್ತದೆ, ಸ್ಟ್ರೋಕ್ ಚಿಕ್ಕದಾಗುತ್ತದೆ. ಬೆನ್ನುಹುರಿ ಪೆಟ್ಟಾದವರ ದೇಹ ಬಿಸಿ ಕಾಯ್ದುಕೊಳ್ಳಲಾರದು. ಸ್ಪರ್ಧೆಯ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಬಿಸಿ ಮಾಡದ ಕೊಳ ಅದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಆ ಎರಡು ತಿಂಗಳು ಇವರ ಹೊತ್ತನ್ನು ಮಧ್ಯಾಹ್ನಕ್ಕೆ ಬದಲಿಸಿ, ಅಥವಾ ನೀರು ಬಿಸಿ ಮಾಡುವ ಕೊಳ ಹುಡುಕಿ. ಕೊಳ ಆರಿಸುವಾಗ ರ‍್ಯಾಂಪ್, ಗಾಲಿಕುರ್ಚಿ ಹೋಗುವ ಶೌಚಾಲಯ, ಜಾರದ ನೆಲ ಈ ಮೂರನ್ನೂ ಕಣ್ಣಾರೆ ನೋಡಿ. ಫೋನಿನಲ್ಲಿ ಎಲ್ಲರೂ "ಇದೆ" ಎನ್ನುತ್ತಾರೆ.

ಆರೋಗ್ಯದ ವಿಷಯದಲ್ಲಿ ವಿಶೇಷ ಎಚ್ಚರ ಯಾವುದು?

ಸ್ಪರ್ಶಜ್ಞಾನ ಇಲ್ಲದ ಕಾಲು ಕೊಳದ ಅಂಚಿಗೆ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ. ಆ ಗಾಯ ವಾಸಿಯಾಗಲು ತಿಂಗಳುಗಳು ಬೇಕಾಗುತ್ತವೆ, ಅಷ್ಟೂ ದಿನ ನೀರಿಗಿಳಿಯುವಂತಿಲ್ಲ. ಅಂಚಿಗೆ ಮ್ಯಾಟ್ ಹಾಸಿ, ಕಾಲುಚೀಲ ಹಾಕಿಸಿ, ಅಭ್ಯಾಸದ ನಂತರ ಹಿಮ್ಮಡಿ, ಪೃಷ್ಠ, ಮೊಣಕಾಲು ದಿನವೂ ನೋಡಿ. ಸ್ಪೈನಾ ಬೈಫಿಡಾ ಇರುವ ಅನೇಕರಿಗೆ ಲೇಟೆಕ್ಸ್ ಅಲರ್ಜಿ ಇರುತ್ತದೆ. ಕ್ಯಾಪ್ ಸಿಲಿಕೋನ್‌ದೇ ಇರಲಿ, ಎಳೆಯುವ ಬ್ಯಾಂಡ್ ಕೂಡ ಲೇಟೆಕ್ಸ್ ಇಲ್ಲದ್ದೇ ಇರಲಿ. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಬಳಸುವವರು ನೀರಿಗಿಳಿಯುವ ಮುಂಚೆ ಮೂತ್ರಕೋಶ ಖಾಲಿ ಮಾಡಬೇಕು. ಎದೆಯ ಮಟ್ಟಕ್ಕಿಂತ ಮೇಲೆ ಬೆನ್ನುಹುರಿ ಪೆಟ್ಟಾದವರಲ್ಲಿ ತುಂಬಿದ ಮೂತ್ರಕೋಶದಿಂದ ರಕ್ತದೊತ್ತಡ ಒಮ್ಮೆಲೇ ಏರಬಹುದು: ತಲೆ ಸಿಡಿತ, ಮುಖ ಕೆಂಪೇರುವುದು, ಬೆವರು. ತಕ್ಷಣ ಹೊರತಂದು ನೆಟ್ಟಗೆ ಕೂರಿಸಿ, ಕ್ಯಾತಿಟರ್ ನೋಡಿ, ವೈದ್ಯರನ್ನು ಕರೆಯಿರಿ. ಅಪಸ್ಮಾರ ಇದ್ದರೆ ಆ ಒಬ್ಬರ ಮೇಲೆಯೇ ಕಣ್ಣಿಟ್ಟ ಒಬ್ಬರು ದಂಡೆಯಲ್ಲಿರಬೇಕು.

ದಿನವೂ ತೆಗೆದುಕೊಳ್ಳುವ ಔಷಧ ಡೋಪಿಂಗ್‌ಗೆ ಸಿಕ್ಕಿಹಾಕಿಸುತ್ತದೆಯೇ?

ಕೆಲವು ಸಿಕ್ಕಿಹಾಕಿಸುತ್ತವೆ. ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ನಿಷೇಧಿತ ಪಟ್ಟಿಯಲ್ಲಿಲ್ಲ. ರಕ್ತದೊತ್ತಡದ ಮಾತ್ರೆಯಲ್ಲಿ ಮೂತ್ರವರ್ಧಕ ಬೆರೆತಿದ್ದರೆ ನಿಷೇಧಿತ. ಇನ್ಸುಲಿನ್ ಕೂಡ ಅನುಮತಿ ಇಲ್ಲದೆ ನಿಷೇಧಿತ. ಆಸ್ತಮಾದ ಸಾಲ್ಬ್ಯುಟಮಾಲ್ ಇನ್‌ಹೇಲರ್‌ಗೆ 24 ಗಂಟೆಗೆ 1,600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮಿತಿ. ಬೇಕೇ ಬೇಕಾದ ಔಷಧಕ್ಕೆ ಮುಂಚಿತವಾಗಿ ಚಿಕಿತ್ಸಾ ವಿನಾಯಿತಿ ಪಡೆಯಿರಿ. ಜಿಮ್‌ನವರು ಕೊಟ್ಟ ಪೌಡರ್‌ಗಳನ್ನು ಮುಟ್ಟಬೇಡಿ.

ರಾಷ್ಟ್ರೀಯ ಕೂಟದಿಂದ ಪ್ಯಾರಾಲಿಂಪಿಕ್ಸ್‌ವರೆಗಿನ ದಾರಿ?

ಜಿಲ್ಲೆ, ರಾಜ್ಯದ ಆಯ್ಕೆ. ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯ ರಾಷ್ಟ್ರೀಯ ಕೂಟ. ಆಮೇಲೆ ವಿಶ್ವ ಪ್ಯಾರಾ ಈಜು ಸಂಸ್ಥೆಯ ಪರವಾನಗಿ ಮತ್ತು ಅಂತರರಾಷ್ಟ್ರೀಯ ಕ್ಲಾಸಿಫಿಕೇಶನ್. ನಂತರ ಮಾನ್ಯತೆ ಪಡೆದ ಕೂಟದಲ್ಲಿ ಕನಿಷ್ಠ ಅರ್ಹತಾ ಸಮಯ. ಮಾನ್ಯತೆ ಇಲ್ಲದ ಕೂಟದಲ್ಲಿ ಎಷ್ಟೇ ವೇಗವಾಗಿ ಈಜಿದರೂ ಆ ಸಮಯ ಲೆಕ್ಕಕ್ಕಿಲ್ಲ. ಅರ್ಹತಾ ಸಮಯ ಬಂದರೂ ಟಿಕೆಟ್ ಖಚಿತವಲ್ಲ, ಏಕೆಂದರೆ ಜಾಗ ಸಿಗುವುದು ದೇಶಕ್ಕೆ. ಇನ್ನೊಂದು ಮಾತು: ಪ್ಯಾರಾಲಿಂಪಿಕ್ಸ್‌ನಲ್ಲಿ ಎಲ್ಲ ವರ್ಗಕ್ಕೂ ಎಲ್ಲ ಸ್ಪರ್ಧೆ ಇರುವುದಿಲ್ಲ. ಉದಾಹರಣೆಗೆ ಎಸ್‌7ಕ್ಕೆ ಬಟರ್‌ಫ್ಲೈ 50 ಮೀಟರ್, ಎಸ್‌8ಕ್ಕೆ 100 ಮೀಟರ್. ಮುಂದಿನ ಕೂಟದ ಪಟ್ಟಿ ಬಂದ ದಿನವೇ ನಿಮ್ಮ ಸ್ಪರ್ಧೆ ಅದರಲ್ಲಿದೆಯೇ ನೋಡಿ, ಇಲ್ಲದಿದ್ದರೆ ತರಬೇತಿ ಬದಲಿಸಿ.

ಕಿವಿ ಕೇಳದವರು, ಡೌನ್ ಸಿಂಡ್ರೋಮ್ ಇರುವವರು?

ಕಿವುಡುತನ ಮಾತ್ರ ಇದ್ದರೆ ಪ್ಯಾರಾಲಿಂಪಿಕ್ಸ್ ಅಲ್ಲ, ಕಿವುಡರಿಗೇ ಇರುವ ಡೆಫ್ಲಿಂಪಿಕ್ಸ್. ಚೆನ್ನಾಗಿ ಕೇಳುವ ಕಿವಿಯಲ್ಲಿ ಕನಿಷ್ಠ 55 ಡೆಸಿಬಲ್ ಕೊರತೆ ಇರಬೇಕು. ಡೌನ್ ಸಿಂಡ್ರೋಮ್ ಇರುವವರಿಗೆ ಸ್ಪೆಷಲ್ ಒಲಿಂಪಿಕ್ಸ್ ಹೆಚ್ಚು ಸೂಕ್ತ. ಎಸ್‌14ರಲ್ಲಿ ಅವರು ತಮಗಿಂತ ಬಲಶಾಲಿ ದೇಹದವರ ಎದುರು ಈಜಬೇಕಾಗುತ್ತದೆ.

ದುಡ್ಡು ಎಲ್ಲಿಂದ ಬರುತ್ತದೆ? ಇದರಲ್ಲಿ ಜೀವನ ನಡೆಯುತ್ತದೆಯೇ?

ಮೊದಲ ಐದಾರು ವರ್ಷ ಮನೆಯ ದುಡ್ಡೇ. ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಪದಕದ ಭರವಸೆ ಇರುವವರಿಗೆ ನೆರವಾಗುವ ಕೇಂದ್ರದ ಟಾಪ್ಸ್ ಯೋಜನೆಗೆ ಆಯ್ಕೆಯಾದರೆ ಮುಖ್ಯ ಗುಂಪಿನವರಿಗೆ ತಿಂಗಳಿಗೆ 50,000 ರೂಪಾಯಿ ಭತ್ಯೆ, ಜೊತೆಗೆ ತರಬೇತಿ ವೆಚ್ಚ. ಆದರೆ ಅದು ಪದಕದ ಹತ್ತಿರ ಬಂದವರಿಗೆ. ಕೇಂದ್ರದ ನಗದು ಬಹುಮಾನ ಪ್ಯಾರಾಲಿಂಪಿಕ್ಸ್ ಚಿನ್ನಕ್ಕೆ 75 ಲಕ್ಷ, ಬೆಳ್ಳಿಗೆ 50, ಕಂಚಿಗೆ 30. ರಾಜ್ಯದ್ದು ಬೇರೆ. ಸರ್ಕಾರಿ ಕೆಲಸದಲ್ಲಿ 40 ಶೇಕಡಾ ಅಥವಾ ಹೆಚ್ಚು ವೈಕಲ್ಯ ಇರುವವರಿಗೆ 2016ರ ಕಾಯ್ದೆ ಕನಿಷ್ಠ 4 ಶೇಕಡಾ ಮೀಸಲಾತಿ ಕೊಡುತ್ತದೆ, ಅದು ಕ್ರೀಡಾ ಕೋಟಾದಿಂದ ಪ್ರತ್ಯೇಕ. 2023ರ ಮೊದಲ ಖೇಲೊ ಇಂಡಿಯಾ ಪ್ಯಾರಾ ಕೂಟದ ಏಳು ಕ್ರೀಡೆಗಳಲ್ಲಿ ಈಜು ಇರಲಿಲ್ಲ. ನೀರಿನ ಪದಕ ಬೇಕೆನ್ನುವ ದೇಶಕ್ಕೆ ಇದು ಒಪ್ಪುವ ಮಾತಲ್ಲ. ಒಟ್ಟಿನಲ್ಲಿ ಈಜಿನ ದುಡ್ಡನ್ನೇ ನಂಬಿ ಓದು ಬಿಡಿಸಬೇಡಿ. ಹಾಜರಾತಿ ವಿನಾಯಿತಿ ಕೊಡುವ ಕಾಲೇಜು ಹುಡುಕಿ.

ಕೊಳದ ಪದಕ ಬಿಟ್ಟು ಬೇರೆ ದಾರಿ ಇದೆಯೇ?

ಸಮುದ್ರ ಇದೆ. ಡು ಟಾಯ್ಟ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲೇ 10 ಕಿಲೋಮೀಟರ್ ಈಜಿ 16ನೆಯವರಾದರು. ಮಧ್ಯಪ್ರದೇಶದ ಸತೇಂದ್ರ ಸಿಂಗ್ ಲೋಹಿಯಾ 2018ರಲ್ಲಿ ರಿಲೇ ತಂಡದಲ್ಲಿ ಇಂಗ್ಲಿಷ್ ಕಾಲುವೆ ದಾಟಿದರು. ಆಟಿಸಂ ಇರುವ ಮುಂಬೈನ ಜಿಯಾ ರಾಯ್ 2024ರ ಜುಲೈನಲ್ಲಿ 16ರ ವಯಸ್ಸಿನಲ್ಲಿ ಒಬ್ಬರೇ 17 ಗಂಟೆ 25 ನಿಮಿಷದಲ್ಲಿ ದಾಟಿದರು. ಇಲ್ಲಿ ವರ್ಗದ ತಲೆನೋವಿಲ್ಲ, ಚಳಿಯದೇ ತಲೆನೋವು. ಒಬ್ಬರೇ ದಾಟಲು ಅನುಮತಿ ಬೇಕಿದ್ದರೆ ಮೊದಲು 16 ಡಿಗ್ರಿ ಅಥವಾ ಇನ್ನೂ ತಣ್ಣನೆಯ ನೀರಿನಲ್ಲಿ 6 ಗಂಟೆ ಈಜಿ ತೋರಿಸಬೇಕು, ವೆಟ್‌ಸೂಟ್ ಹಾಕುವಂತಿಲ್ಲ. ಬೆನ್ನುಹುರಿ ಪೆಟ್ಟಾದವರಿಗೆ ಇದು ಬೇಡ. ಉಳಿದವರು ನಮ್ಮ ಕರಾವಳಿಯ ಬೆಚ್ಚನೆಯ ನೀರಿನಲ್ಲಿ ದೂರ ಹೆಚ್ಚಿಸಿಕೊಂಡು, ಚಳಿಯ ತಾಲೀಮಿಗೆ ಕಾಲುವೆಯ ಕಡೆಗೆ ಕೆಲವು ವಾರ ಮೊದಲೇ ಹೋಗಬೇಕು.